ದಾರಿ ತಪ್ಪಿದ ಕಂದು

ಕಾರ್ಯದರ್ಶಿ ಬಟ್ಟೆಯ ತುದಿ ಹಿಡಿದು ಎಳೆದರು. ಮೊದಲ ಮುಖ ಕಂಡಿತು.



ಎರಡನೆಯ ಬಟ್ಟೆ. ಮೂರನೆಯದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ಕೈ ತಾನಾಗಿಯೇ ನಿಧಾನವಾಯಿತು. ಒಂಬತ್ತೂ ಬಟ್ಟೆಗಳು ನೆಲಕ್ಕೆ ಬಿದ್ದಾಗ, ಚಿತ್ರಶಾಲೆಯ ಉದ್ದನೆಯ ಬಿಳಿ ಗೋಡೆಯ ಮೇಲೆ ಒಂಬತ್ತು ಮಂದಿ ಸಾಲಾಗಿ ನಿಂತಿದ್ದರು — ಕೆರೆಯ ತಳದಿಂದ ಆಗತಾನೇ ಮೇಲೆತ್ತಿದವರ ಹಾಗೆ. ಕೆನ್ನೆಗಳ ಮೇಲೆ ಪಾಚಿಯ ಹಸಿರು. ಕಣ್ಣುಗಳ ಕೆಳಗೆ ಹೆಣದ ನೀಲಿ.

“ಇದೇನಮ್ಮ?” ಕಾರ್ಯದರ್ಶಿ ತಿರುಗಿದರು. “ಬೆಚ್ಚಗಿನ ಕಂದು ಅಂತ ತಾನೇ ನೀವು ಹೇಳಿದ್ದು?”

ಅವರು ಕೇಳಿದ್ದು ಬೂದು ಕೋಟು ತೊಟ್ಟ ಹೆಂಗಸನ್ನು. ಆಕೆ ಒಂದು ಚಿತ್ರದ ಬಳಿ ಹೋದಳು. ಇನ್ನೊಂದರ ಬಳಿಗೆ ಓಡಿದಳು. ಕಿಟಕಿಯ ಪರದೆ ಸರಿಸಿದಳು — ದೀಪದ ದೋಷವಿರಬಹುದೇ? ಹಗಲ ಬೆಳಕು ಬಿದ್ದದ್ದೇ ತಡ, ಮುಖಗಳು ಮತ್ತಷ್ಟು ಹಸಿರಾದವು.

“ಇದು... ಇದು ನಾನು ಕಳಿಸಿದ್ದಲ್ಲ.”

“ಮತ್ಯಾರು ಕಳಿಸಿದ್ದು? ಕರೆಯೋಲೆಯಲ್ಲಿ ಇರೋದು ನಿಮ್ಮ ಹೆಸರು ತಾನೇ?”

ಹಿಂದೆ ನಿಂತಿದ್ದ ಆಕೆಯ ಅಕ್ಕ ಗೋಡೆಗೆ ಒರಗಿದವಳು ಹಾಗೆಯೇ ಜಾರಿ ನೆಲದ ಮೇಲೆ ಕುಳಿತಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಯಾರೋ ಕೈಯಾಡಿಸಿದ್ದಾರೆ,” ಎಂದಳು. “ನನ್ನಾಣೆ, ಯಾರೋ ಕೈಯಾಡಿಸಿದ್ದಾರೆ!” ಫೋನ್ ಹೊರತೆಗೆದಳು.

ಆ ಕರೆ ಬಂದದ್ದು ನಮ್ಮ ಅತ್ತಿಗೆಗೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಹೊರಗಿನವರಿಗೆ ‘ಪತ್ತೇದಾರಿ ಮೇಡಂ’. ಕಾಣೆಯಾದ ಗಂಡಂದಿರು, ಬೇಕೆಂದೇ ಹಚ್ಚಿದ ಬೆಂಕಿಗಳು, ಕಳುವಾದ ವಿನ್ಯಾಸಗಳು — ಎರಡು ಕೋಣೆಯ ಕಚೇರಿಯಲ್ಲಿ ಕುಳಿತು ಇಂಥ ಗಂಟುಗಳನ್ನು ಬಿಡಿಸುವುದು ಅವರ ವೃತ್ತಿ. ಕಾರು ಓಡಿಸುವುದು, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಅವರು ಹೇಳಿದ್ದೇ ಸರಿಯೆಂದು ಸಾಬೀತಾದಾಗ ಮುಖ ಗಂಟಿಕ್ಕದಿರುವುದು — ಈ ಮೂರು ನನ್ನ ಕೆಲಸಗಳು. ಮೂರನೆಯದು ಕಷ್ಟದ್ದು.

ನಾವು ಚಿತ್ರಶಾಲೆ ತಲುಪಿದಾಗ ಅಕ್ಕ ಬಾಗಿಲಲ್ಲೇ ಕಾದಿದ್ದಳು. ತಂಗಿ ದೂರದ ಕಿಟಕಿಯ ಬಳಿ ನಮ್ಮತ್ತ ಬೆನ್ನು ಮಾಡಿ ನಿಂತಿದ್ದಳು. ಆ ಬೀದಿಯವರೆಲ್ಲ ಅವರಿಬ್ಬರನ್ನು ದೊಡ್ಡಕ್ಕ, ಚಿಕ್ಕಕ್ಕ ಎಂದೇ ಕರೆಯುತ್ತಾರೆ. ಇಬ್ಬರದೂ ಒಂದೇ ಸ್ಟುಡಿಯೋ. ದೊಡ್ಡಕ್ಕ ಫೋಟೋ ತೆಗೆಯುತ್ತಾಳೆ. ಚಿಕ್ಕಕ್ಕ ಅದನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪಾಗಿಸಿ, ಆ ಕಪ್ಪು-ಬಿಳುಪಿನ ಮೇಲೆ ಒಂದೇ ಒಂದು ಬಣ್ಣದ ತೆಳುಛಾಯೆಯನ್ನು ಹಾಯಿಸುತ್ತಾಳೆ. ಈ ಬಾರಿಯ ಪ್ರದರ್ಶನ ನಾಟಕಶಾಲೆಯ ತೆರೆಮರೆಯ ಕೆಲಸಗಾರರದು — ದರ್ಜಿ, ದೀಪದವನು, ಪರದೆ ಎಳೆಯುವವಳು, ಹೀಗೆ ಒಂಬತ್ತು ಮಂದಿ.

“ಮೇಡಂ, ಇವು ಹೇಗಿರಬೇಕಿತ್ತು ಗೊತ್ತಾ?” ದೊಡ್ಡಕ್ಕ ಹಣೆಯ ಎರಡು ಬದಿಗಳನ್ನೂ ಒತ್ತಿಕೊಂಡಳು. “ದೀಪದವನ ಮುಖ ಚೂರು ಕೆಂಪಗೆ, ತಾಮ್ರದ ಹಾಗೆ. ದರ್ಜಿ ಅಜ್ಜನ ಕೆನ್ನೆ ತಿಳಿಯಾಗಿ, ಬಿಳುಪು ಮಾಡದ ನೂಲಿನ ಹಾಗೆ. ಪರದೆ ಎಳೆಯೋಳದು ಗಾಢ — ಸುಟ್ಟ ಇಟ್ಟಿಗೆ. ಮುಟ್ಟಿ ನೋಡಬೇಕು ಅನ್ನಿಸ್ತಿತ್ತು! ಈಗ ನೋಡಿ.”

“ಯಾರ ಮೇಲೆ ಅನುಮಾನ?”

“ಹೇಳಿದ್ರೆ ಪಾಪ ಬರುತ್ತೆ.”

“ಹೇಳದಿದ್ರೆ ನನ್ನ ಸಮಯ ಹೋಗುತ್ತೆ.”

“ಮೇಷ್ಟ್ರು,” ಎಂದಳು ದೊಡ್ಡಕ್ಕ ದನಿ ತಗ್ಗಿಸಿ. “ನಮ್ಮಿಬ್ಬರಿಗೂ ಕಲಿಸಿದವರು. ಅವರ ಕೈಬಣ್ಣ ನೀಲಿ. ನೀಲಿ ಛಾಯೆಯ ಫೋಟೋ ಅಂದ್ರೆ ಅವರೇ ಅಂತ ಎಲ್ಲರಿಗೂ ಗೊತ್ತು. ಸ್ಟುಡಿಯೋ ಬೀಗದ ಕೈ ಅವರ ಹತ್ರಾನೂ ಇದೆ.”

“ನಿಮಗೆ ತಂಗಿ ಮೇಲೆ ಹೊಟ್ಟೆಕಿಚ್ಚು ಇಲ್ವಾ?”

ದೊಡ್ಡಕ್ಕ ಥಟ್ಟನೆ ತಲೆಯೆತ್ತಿದಳು. “ಎಂಥ ಪ್ರಶ್ನೆ ಕೇಳ್ತೀರಿ! ಕೈಹಿಡಿದು ಶಾಲೆಗೆ ಕರ್ಕೊಂಡು ಹೋದವಳು ನಾನು. ಫೋಟೋ ತೆಗೆದವಳು ನಾನು, ಕರೆಯೋಲೆಯಲ್ಲಿ ದೊಡ್ಡಕ್ಷರದಲ್ಲಿ ಹೆಸರು ಅವಳದು — ಆದ್ರೂ ಒಂದು ಮಾತಾಡಿಲ್ಲ. ನನಗೆ ಬಣ್ಣದ ಗೊಡವೆಯೇ ಇಲ್ಲ. ನನ್ನದು ಕಪ್ಪು-ಬಿಳುಪು.”

ಅತ್ತಿಗೆ ತಲೆಯಾಡಿಸಿ ಕಾರ್ಯದರ್ಶಿಯತ್ತ ನಡೆದರು.

“ಸಂಜೆ ನಮ್ಮ ಚಿತ್ರಶಾಲೆಯ ಅಧ್ಯಕ್ಷೆ ಬರ್ತಾರೆ,” ಎಂದರು ಕಾರ್ಯದರ್ಶಿ. “ಹಳೇ ಫೋಟೋಗಳಿಗೆ ಛಾಯೆ ಕೊಡೋ ಹೊಸ ವಿಭಾಗ ಇಲ್ಲಿ ಶುರುವಾಗ್ತಿದೆ. ಅದನ್ನ ಚಿಕ್ಕಕ್ಕನಿಗೆ ಒಪ್ಪಿಸಬೇಕು ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಈಗ ನೀವೇ ಹೇಳಿ — ಹೆಣಕ್ಕೂ ಮನುಷ್ಯನಿಗೂ ವ್ಯತ್ಯಾಸ ಕಾಣದ ಕಣ್ಣನ್ನ ನಂಬಿ ನಾವು ಏನು ಒಪ್ಪಿಸೋಣ?”

“ಬೇರೆಯವರು ಕೆಡಿಸಿದ್ದಾರೆ ಅಂತ ಆದ್ರೆ?”

“ಸಂಜೆಯೊಳಗೆ ತೋರಿಸಿ. ಸುಮ್ಮನೆ ಬಾಯಿಮಾತು ನಡೆಯಲ್ಲ.”

ಕಿಟಕಿಯ ಬಳಿಯಿದ್ದ ಚಿಕ್ಕಕ್ಕ ಇದನ್ನು ಕೇಳಿಸಿಕೊಂಡಳು. ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಬಿಗಿಯಾಯಿತು.

ಅತ್ತಿಗೆ ದರ್ಜಿಯ ಚಿತ್ರವನ್ನು ಗೋಡೆಯಿಂದ ಇಳಿಸಿ ನನ್ನ ಕಂಕುಳಿಗೆ ಸೇರಿಸಿದರು. “ಅಜ್ಜನನ್ನ ಹುಷಾರಾಗಿ ಹಿಡ್ಕೋ. ಮೊದಲೇ ಉಸಿರು ನಿಂತಿರೋ ಹಾಗೆ ಕಾಣ್ತಾನೆ.”

ಮೇಷ್ಟ್ರು ಸ್ಟುಡಿಯೋದ ಮೇಲ್ಮಹಡಿಯಲ್ಲಿ ವಾಸವಾಗಿದ್ದರು. ನಾವು ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ದನಿ ಬಂತು.

“ಬನ್ನಿ, ಬನ್ನಿ. ಬೇಡಿ ತಂದಿದ್ದೀರೋ, ಬರಿಗೈಯೋ?”

“ಸದ್ಯಕ್ಕೆ ಬರಿಗೈ,” ಎಂದರು ಅತ್ತಿಗೆ.

“ಬೆಳಗ್ಗೆಯೇ ಸುದ್ದಿ ಬಂತು. ನೀಲಿ ಕಂಡ ಕೂಡಲೇ ನಾನು ನೆನಪಾದೆ, ಅಲ್ವಾ? ಕರೆಯೋಲೆ ಅಚ್ಚು ಹಾಕಿಸುವಾಗ ಮಾತ್ರ ಯಾರಿಗೂ ನೆನಪಾಗಲಿಲ್ಲ. ಭೂತಗನ್ನಡಿ ಹಿಡ್ಕೊಂಡು ಹುಡುಕಿದೆ ಕಣಮ್ಮ! ಕೆಳಗಡೆ ಮೂಲೆಯಲ್ಲಿ ಪ್ರೆಸ್ಸಿನವನ ಹೆಸರಿದೆ. ನನ್ನದಿಲ್ಲ.”

“ಹೊಟ್ಟೆ ಉರೀತಾ?”

“ಉರಿಯದೆ? ಮೌಸ್ ಹಿಡಿಯೋಕೆ ಬರದ ಚಿಕ್ಕವಳಿಗೆ ಬೆರಳು ಹಿಡಿದು ಕಲಿಸಿದೆ. ಈಗ ನಾನು ಕೋಣೆಯೊಳಗೆ ಕಾಲಿಟ್ರೆ ‘ಮೇಷ್ಟ್ರೇ, ಗೋಡೆ ಮುಟ್ಟಬೇಡಿ’ ಅಂತಾಳೆ. ಉರೀತು. ಚೆನ್ನಾಗೇ ಉರೀತು.” ಅವರು ನನ್ನ ಕಂಕುಳಿನತ್ತ ಕೈಚಾಚಿದರು. “ತಾರಯ್ಯ ಇಲ್ಲಿ.”

ದರ್ಜಿಯ ಚಿತ್ರವನ್ನು ಕಿಟಕಿಗೆ ಒರಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ತಮ್ಮ ಹಳೆಯ ಚಿತ್ರವೊಂದನ್ನು ತೆಗೆದು ಪಕ್ಕಕ್ಕಿಟ್ಟರು. ದೋಣಿಯಲ್ಲಿ ಕುಳಿತ ಹೆಂಗಸು. ನೆರಳುಗಳಲ್ಲಿ ತಣ್ಣನೆಯ ಶುದ್ಧ ನೀಲಿ. ಬೆಳಕು ಬಿದ್ದೆಡೆಯಲ್ಲಿ ಬರೀ ಬಿಳಿ.

“ಇದು ನನ್ನ ನೀಲಿ. ಕತ್ತಲೆಯಲ್ಲಿ ಮಾತ್ರ ನಿಲ್ಲುತ್ತೆ. ಬೆಳಕಿಗೆ ಬಂತೋ, ಜಾಗ ಬಿಟ್ಟುಕೊಡುತ್ತೆ. ಈ ಅಜ್ಜನ ಮುಖ ನೋಡು — ಬಣ್ಣ ಕೂತಿರೋದು ಕೆನ್ನೆಯ ನಡುವೆ, ಹಣೆಯ ನಡುವೆ. ನೀಲಿ ಮಾಡೋಕೆ ಹೊರಟವನು ಅಲ್ಲಿ ಕೂರಿಸಲ್ಲ. ಇದು ಕಂದು ಮಾಡೋಕೆ ಹೊರಟ ಕೈ ಕಣಮ್ಮ. ಎಲ್ಲೋ ದಾರಿ ತಪ್ಪಿದೆ.”

“ಕೆಳಗಿನ ಕಂಪ್ಯೂಟರ್‌ಗಳನ್ನ ನೀವು ಬಳಸ್ತೀರಾ?”

“ಒಳಕೋಣೆಯದು ಮುಟ್ಟೋಕೆ ಅವಳು ಬಿಡಲ್ಲ. ಮುಂದಿನ ಕೌಂಟರಿಂದು ಕೊಟ್ರೂ ಬೇಡ. ಅದರಲ್ಲಿ ಬಣ್ಣ ನೋಡೋದಕ್ಕಿಂತ ಕಣ್ಣು ಮುಚ್ಚಿಕೊಂಡು ಕೂರೋದು ವಾಸಿ.”

ಮುದುಕರ ಬಿಂಕ, ಎಂದುಕೊಂಡೆ ನಾನು.

ಕೆಳಗಿಳಿದೆವು. ಸ್ಟುಡಿಯೋದ ಕೌಂಟರಿನ ಹಿಂದೆ ದೊಡ್ಡಕ್ಕ ಆಗಲೇ ಬಂದು ಕುಳಿತಿದ್ದಳು. ಗಿರಾಕಿಯೊಬ್ಬರ ರಸೀತಿ ಸ್ಕ್ರೀನಿನ ಮೇಲೆ ತೆರೆದಿತ್ತು. ಹಳೆಯ ಪತ್ರಿಕೆಯಂತೆ ಮಾಸಿದ ಹಳದಿ ಹಾಳೆ. ರಸೀತಿಗೂ ಹಳೆಯ ಕಾಲದ ಕಳೆ ಕೊಟ್ಟಿದ್ದಾರಲ್ಲ ಎಂದು ಮೆಚ್ಚಿಕೊಂಡೇ ನಾನು ಒಳನಡೆದೆ.

ಮುದ್ರಣದ ಕೋಣೆಯಲ್ಲಿ ದೊಡ್ಡಕ್ಕನ ಗಂಡ ಉದ್ದನೆಯ ಯಂತ್ರದ ಧೂಳು ಒರೆಸುತ್ತಿದ್ದ. ಅಗಲ ಭುಜ, ಗಾಬರಿಗೊಂಡ ಕಣ್ಣು.

“ಒಂಬತ್ತನ್ನೂ ಪ್ರಿಂಟ್ ಮಾಡಿದ್ದು ನೀವೇನಾ?”

“ನಾನೇ.”

“ಬಣ್ಣ ನೋಡಿದ್ರಾ?”

“ಕಣ್ಣಿದೆಯಲ್ಲ ಮೇಡಂ.”

“ಹೆಣದ ಹಾಗೆ ಕಾಣಲಿಲ್ವಾ?”

ಆತ ಧೂಳಿನ ಬಟ್ಟೆಯನ್ನು ಮಡಿಸಿದ. ಬಿಡಿಸಿದ. ಮತ್ತೆ ಮಡಿಸಿದ.

“ಕಾಣ್ತು.”

“ಮತ್ತೆ ಸುಮ್ಮನಿದ್ರಿ?”

“ಒಂದು ಸಲ ‘ಕೆಂಪು ಚೂರು ಜಾಸ್ತಿ ಆಯ್ತಲ್ವಾ’ ಅಂತ ಕೇಳಿದ್ದೆ. ನಾದಿನಿ ಏನಂದಳು ಗೊತ್ತಾ? ‘ಭಾವ, ನೀವು ಗುಂಡಿ ಒತ್ತಿ, ಸಾಕು.’ ಗಿರಾಕಿಗಳೆಲ್ಲ ಇದ್ರು. ನಕ್ಕರು. ಅದಕ್ಕೇ ಈ ಸಲ ಗುಂಡಿ ಒತ್ತಿದೆ.”

“ಒಂಬತ್ತು ಸಲ?”

“ಒಂಬತ್ತು ಸಲ.” ಆತ ನೆಲ ನೋಡಿದ. “ನಿಜ ಹೇಳ್ತೀನಿ, ಒಳಗೊಳಗೇ ಖುಷಿ ಆಯ್ತು. ಇದೇನೋ ಅವಳ ಹೊಸ ಫ್ಯಾಷನ್ನು, ನಾಲ್ಕು ಜನ ನೋಡಿ ನಗಲಿ ಅಂದುಕೊಂಡೆ. ಚೌಕಟ್ಟು ಹಾಕಿ, ಬಟ್ಟೆ ಸುತ್ತಿ, ನಾನೇ ತಲುಪಿಸಿ ಬಂದೆ.”

“ಹೆಂಡತಿಗೂ ತೋರಿಸಲಿಲ್ಲ?”

“ತೋರಿಸಿದ್ರೆ ತಂಗಿ ಹತ್ರ ಓಡ್ತಿದ್ದಳು.”

“ಫೈಲ್‌ಗಳಿಗೆ ಕೈ ಹಾಕಿದ್ರಾ?”

“ಯಾಕೆ ಹಾಕಲಿ ಮೇಡಂ? ಕೆಡಿಸಲೇಬೇಕು ಅಂತಿದ್ರೆ ಯಂತ್ರದಲ್ಲಿ ಒಂದು ಶಾಯಿ ಮುಚ್ಚಿದ್ರೆ ಮುಗೀತು. ಫೈಲು ತೆರೆಯೋ ಕಷ್ಟ ಯಾಕೆ?”

ಹೊರಬಂದ ಮೇಲೆ ನಾನು ಪಿಸುಗುಟ್ಟಿದೆ: “ಅತ್ತಿಗೆ, ಇವನೇ. ಸಿಟ್ಟೂ ಇದೆ, ಅವಕಾಶವೂ ಇದೆ.”

“ಇವನ ಸಿಟ್ಟು ಬಾಯಿ ಮುಚ್ಚಿಕೊಳ್ಳೋ ಸಿಟ್ಟು. ಕೈಯಾಡಿಸಿದ್ದು ಬೇರೆ ಯಾವುದೋ ಸಿಟ್ಟು ಕಣೋ.”

ಕೊನೆಯದು ಛಾಯೆಯ ಕೋಣೆ. ಗೋಡೆ ಬೂದು, ಮೇಜು ಬೂದು, ಪರದೆ ಬೂದು. ಚಿತ್ರಶಾಲೆಯಿಂದ ಮರಳಿದ್ದ ಚಿಕ್ಕಕ್ಕನ ಕೋಟೂ ಬೂದು. ಮೋಡದೊಳಕ್ಕೆ ಕಾಲಿಟ್ಟಂತಾಯಿತು.

“ಯಾಕಮ್ಮ ಇಷ್ಟೊಂದು ಬೂದಿ ಬಳ್ಕೊಂಡಿದ್ದೀರಿ?”

“ಗೋಡೆ ಕೆಂಪಿದ್ರೆ ಕಣ್ಣು ಹಸಿರು ಹುಡುಕುತ್ತೆ ಮೇಡಂ. ಹಾಕಿರೋ ಬಟ್ಟೆಯ ಬಣ್ಣವೂ ಸ್ಕ್ರೀನಿನ ಮೇಲೆ ಬೀಳುತ್ತೆ. ಇಲ್ಲಿ ಬಣ್ಣ ಇರಬೇಕಾದ್ದು ಒಂದೇ ಕಡೆ.” ಆಕೆ ಸ್ಕ್ರೀನ್ ತೋರಿಸಿದಳು. “ಇದನ್ನೂ ಭಾವನ ಯಂತ್ರವನ್ನೂ ಒಂದಕ್ಕೊಂದು ಹೊಂದಿಸಿಟ್ಟಿದ್ದೀವಿ. ಇಲ್ಲಿ ಕಂಡದ್ದೇ ಕಾಗದದ ಮೇಲೆ. ಅದಕ್ಕೇ ನಾವು ಪರೀಕ್ಷೆಗೆ ಅಂತ ಒಂದು ಪ್ರಿಂಟೂ ತೆಗೆಯಲ್ಲ. ಅದೇ ನಮ್ಮ ಜಂಬ.”

“ಫೈಲ್ ಕೊನೆಗೆ ಬದಲಾದದ್ದು ಯಾವಾಗ?”

“ನಾನು ಮುಗಿಸಿದ ಮಾರನೇ ದಿನ. ಅವತ್ತು ಎಲ್ಲರೂ ಇಲ್ಲೇ ಇದ್ದರು. ಎಲ್ಲಾ ಕಂಪ್ಯೂಟರೂ ಒಂದಕ್ಕೊಂದು ಸೇರಿಕೊಂಡಿವೆ. ಯಾರು ಎಲ್ಲಿ ಕೂತು ಬೇಕಾದ್ರೂ ತೆರೀಬಹುದು.”

“ಮತ್ತೆ ಕಂದು ಹಚ್ಚೋಕೆ ಎಷ್ಟು ಹೊತ್ತು?”

“ಹಚ್ಚಬಹುದು. ಸಂಜೆಯೊಳಗೆ ಪ್ರಿಂಟೂ ತೆಗೀಬಹುದು. ಬಣ್ಣ ವಾಪಸ್ ಬರುತ್ತೆ ಮೇಡಂ, ನಂಬಿಕೆ?” ಅವಳ ದನಿ ಒಡೆಯಿತು. “ಹತ್ತು ವರ್ಷದಿಂದ ಈ ಸ್ಟುಡಿಯೋದ ಫೋಟೋಗಳ ಕೆಳಗೆ ಅಕ್ಕನ ಹೆಸರೊಂದೇ ಇತ್ತು. ನನ್ನದು ಬಂದದ್ದು ಇದೇ ಮೊದಲು. ಮೊದಲ ಸಲವೇ ‘ಕಣ್ಣು ಸರಿ ಇಲ್ಲದವಳು’ ಅಂತ ಆಯ್ತು.”

“ಫೈಲ್ ತೆರೆಯಿರಿ. ನಿಧಾನವಾಗಿ. ನನಗೆ ಅರ್ಥ ಆಗೋ ಹಾಗೆ.”

ದೀಪದವನ ಮುಖ ತೆರೆಯಿತು. ಪಕ್ಕದಲ್ಲಿ ಪುಟ್ಟ ಪಟ್ಟಿಗಳು, ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳ ಹಾಗೆ.

“ಇವು ಲೇಯರ್‌ಗಳು. ತಳದಲ್ಲಿ ಅಕ್ಕ ತೆಗೆದ ಬಣ್ಣದ ಫೋಟೋ. ಅದರ ಮೇಲಿನದು ಬಣ್ಣ ಹೀರಿ ಕಪ್ಪು-ಬಿಳುಪು ಮಾಡುತ್ತೆ. ಅದರ ಮೇಲಿನದು ನನ್ನ ಛಾಯೆ. ಇದು ಮುಸುಕು — ಕಣ್ಣಿನ ಬಿಳಿ, ಹಲ್ಲು, ಇಂಥ ಕಡೆ ಛಾಯೆ ತಾಗದ ಹಾಗೆ ತಡೆಯೋದು.” ಛಾಯೆಯ ಹಾಳೆಯನ್ನು ಒತ್ತಿದಳು. ಬಣ್ಣದ ಅಂಕಿಗಳು ಮೂಡಿದವು. ದರ್ಜಿಯ ಫೈಲ್ ತೆರೆದಳು. ಪರದೆಯವಳದು ತೆರೆದಳು. ಅವಳ ಹುಬ್ಬುಗಳು ಕೂಡಿಕೊಂಡವು.

“ಏನಾಯ್ತು?”

“ಮೂರೂ ಬೇರೆ ಬೇರೆ ಇವೆ.”

“ನೀವು ಬೇರೆ ಬೇರೆ ಹಚ್ಚಿರಲಿಲ್ವಾ?”

“ಇಲ್ಲ! ಒಂಬತ್ತಕ್ಕೂ ಒಂದೇ ಕಂದು. ಒಂದು ಸಾಲಿಗೆ ಒಂದೇ ಬಣ್ಣ, ಅದು ನನ್ನ ನಿಯಮ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.” ಆಕೆ ಮುಖವನ್ನು ದೊಡ್ಡದು ಮಾಡಿ ಕಣ್ಣಿನಂಚು ನೋಡಿದಳು. “ಮುಸುಕನ್ನೂ ತಿದ್ದಿದ್ದಾರೆ. ರೆಪ್ಪೆಕೂದಲ ನಡುವೆ ಒಂದೊಂದೇ ಗೆರೆ... ಇದಕ್ಕೆ ಗಂಟೆಗಟ್ಟಲೆ ಕೂರಬೇಕು.”

ಅತ್ತಿಗೆ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. ಕಣ್ಣುಗಳಲ್ಲಿ ಬೇಟೆಯ ಹೊಳಪು.

“ಕೆಡಿಸೋಕೆ ಬಂದವರು ರೆಪ್ಪೆಕೂದಲು ಎಣಿಸ್ತಾರಾ? ಒಂದು ಕೆಲಸ ಮಾಡಿ. ಒಂಬತ್ತನ್ನೂ ಒಟ್ಟಿಗೆ ತೆರೆಯಿರಿ. ಎಲ್ಲದರ ಮೇಲೂ ಒಂದೇ ಅಳತೆಯಲ್ಲಿ ಕೆಂಪು-ಹಳದಿ ಸೇರಿಸಿ. ಒಂದಕ್ಕೂ ಬೇರೆ ಅಳತೆ ಬೇಡ.”

“ಎಷ್ಟು?”

“ಹೆಣ ಎದ್ದು ಕೂರೋವರೆಗೆ.”

ಚಿಕ್ಕಕ್ಕನ ಬೆರಳು ಸರಿಯಿತು. ಸ್ಕ್ರೀನಿನ ಮೇಲೆ ಹಸಿರು ಕರಗಿತು. ನೀಲಿ ಹಿಂದೆ ಸರಿಯಿತು. ಮತ್ತೆ ಚೂರು. ಮತ್ತೂ ಚೂರು —

ಒಂಬತ್ತು ಮುಖಗಳಿಗೂ ಒಮ್ಮೆಗೇ ಜೀವ ಬಂದಿತ್ತು. ದೀಪದವನ ಮೇಲೆ ತಾಮ್ರದ ಹೊಳಪು. ದರ್ಜಿಯ ಕೆನ್ನೆಯಲ್ಲಿ ನೂಲಿನ ತಿಳಿ. ಪರದೆ ಎಳೆಯುವವಳ ಹಣೆಯಲ್ಲಿ ಸುಟ್ಟ ಇಟ್ಟಿಗೆಯ ಗಾಢ. ಒಬ್ಬರ ಕಂದು ಇನ್ನೊಬ್ಬರದಲ್ಲ. ಆದರೂ ಎಲ್ಲರೂ ಒಂದೇ ಮನೆಯವರು.

ಚಿಕ್ಕಕ್ಕ ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ.

“ಯಾರು ಮಾಡಿದ್ದು ಇದು?” ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗಿಂತ ಕಹಿಯಾದದ್ದೇನೋ ಇತ್ತು.

“ಎಲ್ಲರನ್ನೂ ಕೌಂಟರಿಗೆ ಕರಿ,” ಎಂದರು ಅತ್ತಿಗೆ ನನ್ನತ್ತ ತಿರುಗಿ. “ಕಾರ್ಯದರ್ಶಿಗೂ ಫೋನ್ ಮಾಡು.”

ಎಲ್ಲರೂ ಬಂದರು. ಮೇಷ್ಟ್ರು ಅಲ್ಲಿದ್ದ ಒಂದೇ ಸ್ಟೂಲನ್ನು ಆಕ್ರಮಿಸಿಕೊಂಡರು. ಕಾರ್ಯದರ್ಶಿ ಬಾಗಿಲಿಗೆ ಒರಗಿ ನಿಂತರು. ದೊಡ್ಡಕ್ಕ ಕೌಂಟರಿನ ಹಿಂದೆ, ಅವಳ ಗಂಡ ಪಕ್ಕದಲ್ಲಿ. ಚಿಕ್ಕಕ್ಕ ದೂರ.

“ಸಿಕ್ಕಿದರಾ ಮೇಡಂ?” ದೊಡ್ಡಕ್ಕನ ಪ್ರಶ್ನೆಯಲ್ಲಿ ಕಾತರವಿತ್ತು — ನಿಜವಾದ ಕಾತರ.

“ಸಿಕ್ಕಿದರು. ಮೊದಲು ಒಂದು ಮಾತು. ನಾವೆಲ್ಲ ಹುಡುಕಿದ್ದು ದ್ವೇಷದ ಕೈಯನ್ನ. ಅದೇ ತಪ್ಪು. ದ್ವೇಷ ಇದ್ದಿದ್ರೆ ಒಂದೇ ಹಸಿರನ್ನ ಒಂಬತ್ತರ ಮೇಲೂ ಎರಚಿ ಹೋಗ್ತಿತ್ತು. ಇಲ್ಲಿ ಪ್ರತಿಯೊಬ್ಬರಿಗೂ ಬೇರೆ ಕಂದು ಆರಿಸಿದ್ದಾರೆ. ರೆಪ್ಪೆಕೂದಲು ಬಿಡಿಸಿದ್ದಾರೆ. ಈ ಕೈ ಕೆಡಿಸೋಕೆ ಬಂದದ್ದಲ್ಲ. ಚಿಕ್ಕಕ್ಕನಿಗಿಂತ ಚೆನ್ನಾಗಿ ಮಾಡಿ ತೋರಿಸೋಕೆ ಬಂದದ್ದು.”

“ಹಾಗಾದ್ರೆ ಹೆಣದ ಬಣ್ಣ ಎಲ್ಲಿಂದ ಬಂತು?” ಕಾರ್ಯದರ್ಶಿ ಕೇಳಿದರು.

“ಒಂಬತ್ತೂ ದಾರಿ ತಪ್ಪಿದ್ದು ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಕಣ್ಣು ಕೆಟ್ಟಿದ್ರೆ ಒಂದೊಂದು ಒಂದೊಂದು ಕಡೆ ಹೋಗ್ತಿತ್ತು. ಅಂದ್ರೆ ಕಣ್ಣು ಸರಿ ಇತ್ತು. ಕಣ್ಣಿಗೆ ಸುಳ್ಳು ಹೇಳಿದ್ದು ಸ್ಕ್ರೀನು. ಕೆಂಪು-ಹಳದಿಯನ್ನ ಇಲ್ಲದಷ್ಟು ಹೆಚ್ಚಾಗಿ ತೋರಿಸೋ ಸ್ಕ್ರೀನು. ಚಿಕ್ಕಕ್ಕನ ಕಂದು ಅದರಲ್ಲಿ ಕೆಂಪು ಕೆಂಪಾಗಿ ಕಾಣ್ತು. ಅವರು ಅದನ್ನ ನೀಲಿಯ ಕಡೆಗೆ ಎಳೆದರು — ತಮ್ಮ ಕಣ್ಣಿಗೆ ಸೊಗಸಾದ ಕಂದು ಕಾಣೋವರೆಗೆ.” ಅತ್ತಿಗೆ ನನ್ನ ಕೈಗೆ ಒಂದು ಖಾಲಿ ಬಿಳಿ ಹಾಳೆ ಕೊಟ್ಟರು. “ದೊಡ್ಡಕ್ಕ, ಸ್ಕ್ರೀನಿನಲ್ಲಿ ಏನೂ ಬರೆಯದ ಒಂದು ಹಾಳೆ ತೆರೆಯಿರಿ. ನೀನು ಇದನ್ನ ಪಕ್ಕದಲ್ಲಿ ಹಿಡಿಯೋ.”

ಹಿಡಿದೆ. ನನ್ನ ಕೈಯಲ್ಲಿದ್ದದ್ದು ಬಿಳಿ. ಸ್ಕ್ರೀನಿನಲ್ಲಿದ್ದದ್ದು ಒಣಹುಲ್ಲಿನ ಹಳದಿ. ಹಳೆಯ ಕಾಲದ ರಸೀತಿಯಂತೆ! ನನ್ನ ಕಿವಿ ಬಿಸಿಯಾಯಿತು.

“ಅಯ್ಯೋ,” ಎಂದ ದೊಡ್ಡಕ್ಕನ ಗಂಡ. “ಅವಳಿಗೆ ತಲೆನೋವು ಬರುತ್ತೆ ಅಂತ ಕಣ್ಣಿಗೆ ತಂಪಾಗಿರೋ ಹಳದಿ ಬೆಳಕನ್ನ ಈ ಸ್ಕ್ರೀನಿಗೆ ನಾನೇ ಹಾಕಿಟ್ಟಿದ್ದು. ವರ್ಷದ ಮೇಲಾಯ್ತು.”

“ನಿಮಗೆ ಗೊತ್ತಿತ್ತು. ಹಾಗಾಗಿ ನೀವು ಇದರಲ್ಲಿ ಬಣ್ಣ ನೋಡಲ್ಲ. ಮೇಷ್ಟ್ರಿಗೂ ಗೊತ್ತು, ಅವರು ಇತ್ತ ತಿರುಗಿಯೂ ನೋಡಲ್ಲ. ಚಿಕ್ಕಕ್ಕ ಬೂದು ಕೋಣೆ ಬಿಟ್ಟು ಹೊರಗೆ ಕೂರಲ್ಲ. ಈ ಹಳದಿ ಬಿಳಿಯಾಗಿ ಹೋಗಿರೋದು ಒಬ್ಬರ ಕಣ್ಣಿಗೆ ಮಾತ್ರ. ದಿನವಿಡೀ ಇಲ್ಲೇ ಕೂತು, ಕಪ್ಪು-ಬಿಳುಪು ಮಾತ್ರ ನೋಡೋರಿಗೆ.”

ದೊಡ್ಡಕ್ಕ ಬಿಳಿ ಹಾಳೆಯನ್ನು ನೋಡಿದಳು. ಸ್ಕ್ರೀನನ್ನು ನೋಡಿದಳು. ಮತ್ತೆ ಹಾಳೆಯನ್ನು.

“ತಾಮ್ರ, ನೂಲು, ಸುಟ್ಟ ಇಟ್ಟಿಗೆ,” ಎಂದರು ಅತ್ತಿಗೆ ಮೆಲ್ಲನೆ. “ಬೆಳಗ್ಗೆ ನೀವೇ ನನಗೆ ಬಣ್ಣಿಸಿದ್ದು. ನಿಮ್ಮ ತಂಗಿ ಹಚ್ಚಿದ್ದು ಒಂದೇ ಕಂದು. ಬೇರೆ ಬೇರೆ ಕಂದು ಇದ್ದದ್ದು ಬದಲಾದ ಫೈಲಿನಲ್ಲಿ ಮಾತ್ರ. ಅದನ್ನ ಮಾಡಿದವರಿಗಲ್ಲದೆ ಬೇರೆಯವರಿಗೆ ಗೊತ್ತಾಗೋಕೆ ಸಾಧ್ಯವಿಲ್ಲ.”

ಕೌಂಟರಿನ ಮೇಲೆ ದೊಡ್ಡಕ್ಕನ ಎರಡು ಕೈಗಳೂ ಅಂಗಾತ ಬಿದ್ದಿದ್ದವು.

“ನಾನು ಮುಗಿಸಿದ ಮೇಲೆ ಮೇಷ್ಟ್ರು ಬಂದು ನೀಲಿ ಮಾಡಿದ್ದಾರೆ ಅಂತಲೇ ನಂಬಿದ್ದೆ,” ಎಂದಳು. “ನನ್ನಾಣೆ. ಇಲ್ಲದಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ?”

“ನೋಡಪ್ಪ!” ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದರು. “ಯಾರು ಸತ್ರೂ ನನ್ನ ತಲೆಗೇ—”

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದಳು ಚಿಕ್ಕಕ್ಕ. ಅವರು ಕುಳಿತರು. “ಯಾಕಕ್ಕ?”

“ಯಾಕೆ ಅಂತ ಏನು ಹೇಳಲಿ?” ದೊಡ್ಡಕ್ಕ ತಂಗಿಯನ್ನು ನೋಡದೆ ಮಾತನಾಡಿದಳು. “ಆ ಅಜ್ಜನ ಎದುರು ಮೂರು ದಿನ ಕೂತು ಒಂದು ನಗು ಹಿಡಿದವಳು ನಾನು. ಜನ ಬಂದು ‘ಆಹಾ, ಎಂಥ ಬಣ್ಣ’ ಅಂತಾರೆ. ಅಜ್ಜನ ನಗು ಯಾರಿಗೂ ಕಾಣಲ್ಲ. ಒಂದೇ ಒಂದು ಸಲ... ಎಲ್ಲರೂ ನಿನ್ನ ಬಣ್ಣ ಹೊಗಳೋವಾಗ ಮೂಲೆಯಲ್ಲಿ ನಿಂತು, ಅದು ನಂದು ಅಂತ ನನಗೊಬ್ಬಳಿಗೆ ಗೊತ್ತಿರಬೇಕು ಅನ್ನಿಸ್ತು. ಯಾರಿಗೂ ಹೇಳ್ತಿರಲಿಲ್ಲ ಕಣೇ.”

“ನನ್ನ ಫೈಲಿನ ಮೇಲೇ ಸೇವ್ ಮಾಡಿದೆ. ನನ್ನದನ್ನ ಅಳಿಸಿ.”

“ಹೌದು.”

ಕಾರ್ಯದರ್ಶಿ ಗಂಟಲು ಸರಿಪಡಿಸಿಕೊಂಡರು. “ಇದನ್ನ ಅಧ್ಯಕ್ಷರಿಗೆ ಯಾರು ಹೇಳೋದು?”

“ನಾನು ಹೇಳಿದ್ರೆ ಅದು ಪತ್ತೇದಾರಿಕೆ,” ಎಂದರು ಅತ್ತಿಗೆ ದೊಡ್ಡಕ್ಕನ ಕಡೆ ತಿರುಗಿ. “ನೀವು ಹೇಳಿದ್ರೆ ನಿಮ್ಮ ತಂಗಿಯ ಕಣ್ಣು ಉಳಿಯುತ್ತೆ.”

ಚಿಕ್ಕಕ್ಕ ಕೋಟಿನ ಗುಂಡಿ ಹಾಕಿಕೊಂಡು ಒಳಕ್ಕೆ ಹೊರಟಳು. ಬಾಗಿಲ ಬಳಿ ಅತ್ತಿಗೆಯ ಪಕ್ಕದಲ್ಲಿ ನಿಂತು, ನನಗೂ ಕೇಳಿಸಲಾರದೆಂಬಂತೆ ಕೇಳಿದಳು:

“ನಿಜ ಹೇಳಿ ಮೇಡಂ. ಯಾವುದು ಚೆನ್ನಾಗಿದೆ? ನಂದೋ, ಅವಳದೋ?”

“ನಾನು ಕಳ್ಳರನ್ನ ಹಿಡಿಯೋಳು ಕಣಮ್ಮ. ಬಹುಮಾನ ಕೊಡೋಳಲ್ಲ.”

ಅಷ್ಟೇ ಸಾಕಾಯಿತು. ಚಿಕ್ಕಕ್ಕನ ತುಟಿ ಬಿಗಿಯಿತು. “ಭಾವ,” ಎಂದು ಕೂಗಿದಳು, “ಒಂಬತ್ತಕ್ಕೂ ಒಂದೇ ಕಂದು ಹಚ್ಚಿ ಕೊಡ್ತೀನಿ. ಪ್ರಿಂಟ್ ತೆಗೆಯುವಾಗ ಏನಾದ್ರೂ ತಪ್ಪು ಕಂಡ್ರೆ ದಯವಿಟ್ಟು ಬಾಯಿ ಬಿಡಿ.”

“ಬಿಡ್ತೀನಮ್ಮ,” ಎಂದ ಆತ ಅವಸರದಿಂದ.

ಸಂಜೆ ಅಧ್ಯಕ್ಷೆ ಬಂದಾಗ ಗೋಡೆಯ ಮೇಲೆ ಹೊಸ ಚಿತ್ರಗಳಿದ್ದವು. ಬೆಚ್ಚಗಿನ, ಸಮಾನವಾದ ಕಂದು. ಒಬ್ಬರಿಗೂ ಹೆಚ್ಚಿಲ್ಲ, ಒಬ್ಬರಿಗೂ ಕಡಿಮೆಯಿಲ್ಲ. ಆಕೆ ಕನ್ನಡಕ ಏರಿಸಿ, ಒಂದೊಂದರ ಮುಂದೆಯೂ ನಿಂತು, ಕೊನೆಗೆ ತಲೆದೂಗಿದರು.

“ಚೆನ್ನಾಗಿದೆಯಲ್ಲ! ಬೆಳಗ್ಗೆ ಏನೋ ಎಡವಟ್ಟು ಅಂತ ಕೇಳಿದೆ?”

ಕಾರ್ಯದರ್ಶಿ ಅತ್ತಿಗೆಯನ್ನು ನೋಡಿದರು. ಅತ್ತಿಗೆ ಚಾವಣಿಯನ್ನು ನೋಡಿದರು. ಚಿಕ್ಕಕ್ಕನ ಮುಖ ಬಿಳುಚತೊಡಗಿತು.

“ನಾನು ಮಾಡಿದ್ದು.” ದೊಡ್ಡಕ್ಕ ಮುಂದೆ ಬಂದಳು. “ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಫೈಲ್ ತೆರೆದು ನನಗೆ ಬೇಕಾದ ಬಣ್ಣ ಹಚ್ಚಿದೆ. ಹಳದಿ ಸ್ಕ್ರೀನಿನ ಮುಂದೆ ಕೂತು. ಹೊಟ್ಟೆಕಿಚ್ಚಿಗೆ. ಒಂಬತ್ತೂ ಒಂದೇ ಅಳತೆಗೆ ನೀಲಿಯ ಕಡೆ ಹೋದವು. ಅವಳ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ.”

ಅಧ್ಯಕ್ಷೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನಾನು ಬೈಗುಳ ನಿರೀಕ್ಷಿಸಿದ್ದೆ. ಬಂದದ್ದು ಕುತೂಹಲ.

“ಹಳದಿ ಸ್ಕ್ರೀನಿನಲ್ಲಿ ಕೂತು ಒಂಬತ್ತನ್ನೂ ಒಂದೇ ಹದಕ್ಕೆ ತಂದ್ರಾ? ಹಾಗಿದ್ರೆ ನಿಮ್ಮ ಕೈಯಲ್ಲೂ ಬಣ್ಣ ಇದೆ ಅಂತಾಯ್ತು. ವಿಭಾಗ ನಿಮ್ಮ ತಂಗಿಯದೇ, ಅದರಲ್ಲಿ ಮಾತಿಲ್ಲ. ಆದ್ರೂ ಆ ಒಂಬತ್ತನ್ನ ನಾನೊಂದು ಸಲ ನೋಡಬಹುದಾ?”

ದೊಡ್ಡಕ್ಕನ ಮುಖದಲ್ಲಿ ಮೊದಲ ಬಾರಿಗೆ ರಕ್ತ ಹರಿಯಿತು. ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಚಿಕ್ಕಕ್ಕ ಇಬ್ಬರ ನಡುವೆ ಬಂದು ನಿಂತಿದ್ದಳು. ಅಕ್ಕನ ಹೆಗಲ ಮೇಲೆ ಕೈಯಿಟ್ಟಿದ್ದಳು. ಆ ಕೈ ಅಪ್ಪಿಕೊಳ್ಳುತ್ತಿದೆಯೋ ಹಿಂದಕ್ಕೆ ತಳ್ಳುತ್ತಿದೆಯೋ ನನಗೆ ತಿಳಿಯಲಿಲ್ಲ. ನಗುತ್ತಲೇ, ಅಗತ್ಯಕ್ಕಿಂತ ಚೂರು ಗಟ್ಟಿಯಾಗಿ ಹೇಳಿದಳು:

“ನಮ್ಮಕ್ಕ ಫೋಟೋ ತೆಗೀತಾಳೆ ಮೇಡಂ. ಅವಳ ಹಾಗೆ ತೆಗೆಯೋರು ಇನ್ನೊಬ್ಬರಿಲ್ಲ. ಬಣ್ಣ ನಂದು.”